ಬಾಗಿಲಿಗೆ ಅಡ್ಡ ಹಾಕಿದ ಹೊರಸು

ಆಯಿಯ ಮುಖ ನೋಡುವ ಎಷ್ಟೋ ಮೊದಲೇ ನಾನು ಅವಳ ಹಣೆ ನೋಡಿದ್ದೆ. ಮೊಬೈಲನ್ನು ಯಾವಾಗಲೂ ಓರೆಯಾಗಿ ಹಿಡಿಯುತ್ತಿದ್ದಳು. ಹಾಗಾಗಿ ನಮಗೆ ಕಾಣುತ್ತಿದ್ದುದು ಹಸಿರು ಹಚ್ಚೆಯ ಒಂದು ಹಣೆ, ಅದರಾಚೆ ತಗಡಿನ ಛಾವಣಿ, ತೂಗಾಡುವ ಒಂದು ಬಲ್ಬು. “ಆಯಿ, ಫೋನು ಸ್ವಲ್ಪ ಕೆಳಗೆ ಮಾಡಿ” ಎಂದು ಮೇಡಂ ಹೇಳಿದರೆ ಆಯಿ ತಾನೇ ಬಗ್ಗುತ್ತಿದ್ದಳು, ಫೋನು ಇದ್ದಲ್ಲೇ ಇರುತ್ತಿತ್ತು. ಆಗ ಹಣೆಯೂ ಹೋಗಿ ಬಲ್ಬು ಮಾತ್ರ ಉಳಿಯುತ್ತಿತ್ತು.

ಮೇಡಂ ಎಂದರೆ ಬೆಂಗಳೂರಿನ ಒಬ್ಬ ಹುಡುಗಿ. ವಾರಕ್ಕೆ ಎರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮಂಥ ಎದೆ ಕೆಟ್ಟವರನ್ನೆಲ್ಲ ಮೊಬೈಲಿನಲ್ಲಿ ಕೂರಿಸಿಕೊಂಡು ಉಸಿರಾಡುವುದನ್ನು ಕಲಿಸುತ್ತಿದ್ದಳು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವನ್ನು ಮುದಿ ವಯಸ್ಸಿನಲ್ಲಿ ಮೊಮ್ಮಗಳಂಥವಳಿಂದ ಕಲಿಯಬೇಕಾಯಿತಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ನಾನು ಹುಮನಾಬಾದಿನ ಕಾಳಿನ ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದವನು. ತೊಗರಿ, ಕಡಲೆಯ ಧೂಳು ಅಲ್ಲಿ ಪುಕ್ಕಟೆ ಸಿಗುತ್ತಿತ್ತು. ಬೀಡಿಯನ್ನು ನಾನೇ ಕೊಂಡು ಸೇದಿದೆ. ಎದೆಯ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, “ಇದು ಹೋಗೋ ರೋಗ ಅಲ್ರಿ, ಇದರ ಜೋಡಿ ಸಂಸಾರ ಮಾಡೋದು ಕಲೀರಿ” ಎಂದು ನನ್ನ ನಂಬರನ್ನು ಆ ಹುಡುಗಿಗೆ ಕೊಟ್ಟರು.

ಅವಳು ಕಲಿಸುತ್ತಿದ್ದುದು ಇಷ್ಟೇ. ಉಸಿರು ಸಿಕ್ಕಿಕೊಂಡಾಗ ಗಾಬರಿಯಾಗದೆ ಮುಂದಕ್ಕೆ ಬಾಗಿ ಮೊಣಕಾಲಿನ ಮೇಲೆ ಕೈಯೂರಿ ಕೂರುವುದು, ಮೂಗಿನಿಂದ ಎಳೆದುಕೊಂಡು ತುಟಿ ಸಣ್ಣಗೆ ಮಾಡಿ ಮೆಲ್ಲಗೆ ಊದುವುದು, ಔಷಧದ ಪಂಪನ್ನು ಬಾಯಿಗಿಟ್ಟು ಸರಿಯಾಗಿ ಎಳೆಯುವುದು, ದಿನಾ ಸ್ವಲ್ಪ ನಡೆಯುವುದು. ಇದಲ್ಲದೆ ನಮ್ಮೆಲ್ಲರದೊಂದು ಗ್ರೂಪು. ಅದರಲ್ಲಿ ದಿನಾ ಬೆಳಿಗ್ಗೆ ಒಬ್ಬೊಬ್ಬರೂ ಒಂದು ಬಣ್ಣ ಹೇಳಬೇಕು. ಎಂದಿನಂತಿದ್ದರೆ ಹಸಿರು. ಕಫ, ಏದುಸಿರು ಹೆಚ್ಚಾಗಿದ್ದರೆ ಹಳದಿ, ಮೇಡಂಗೆ ಫೋನು ಮಾಡಬೇಕು. ಕೂತಲ್ಲೇ ಮಾತಾಡಲು ಆಗದಿದ್ದರೆ ಕೆಂಪು, ಮನೆಯಲ್ಲಿ ಒಂದು ಗಳಿಗೆಯೂ ನಿಲ್ಲದೆ ದವಾಖಾನೆಗೆ ಹೋಗಬೇಕು. ನಾವೆಲ್ಲ ಬಣ್ಣದ ಚುಕ್ಕೆ ಒತ್ತಿ ಕಳಿಸುತ್ತಿದ್ದೆವು. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಚುಕ್ಕೆ ಹುಡುಕುವ ತಾಳ್ಮೆಯೂ ಇರಲಿಲ್ಲ. ಆಕೆ ಬಾಯಲ್ಲೇ ಹೇಳಿ ಧ್ವನಿ ಕಳಿಸುತ್ತಿದ್ದಳು. “ಹಸರು ಅದ್ರಿ. ಮುನೀಮಣ್ಣ ಯಾಕ ಇನ್ನಾ ಹೇಳಿಲ್ಲ? ಎದ್ದಾನೋ ಇಲ್ಲೋ?” ಎಂದು ನನ್ನನ್ನೂ ಸೇರಿಸಿ ಎಬ್ಬಿಸುತ್ತಿದ್ದಳು.

ಬಸವಕಲ್ಯಾಣದ ಹಳೆಯ ಗಲ್ಲಿಗಳಲ್ಲಿ ಹುಟ್ಟಿದ ಕೂಸುಗಳಿಗೆ ಎರೆಯುವುದು ಆಕೆಯ ಕೆಲಸ. ಬೆಳಗಾದರೆ ಮನೆಯಿಂದ ಮನೆಗೆ ಹೋಗಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮುಂಗಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿ ನೀರು ಎರೆದು, ಅಳುವ ಕೂಸನ್ನು ನಿದ್ದೆಗೆ ಹಾಕಿ ಬರುತ್ತಿದ್ದಳು. ಹಿಂದೂಗಳ ಮನೆಗೂ ಹೋಗುತ್ತಿದ್ದಳು, ಮುಸಲ್ಮಾನರ ಮನೆಗೂ ಹೋಗುತ್ತಿದ್ದಳು. ಅಲ್ಲೂ ಆಯಿ, ಇಲ್ಲೂ ಆಯಿ. ಹೆಸರು ಬೇರೆ ಇರಲೇಬೇಕು, ನಾನು ಕೇಳಲಿಲ್ಲ.

ಮೇಡಂ ಹೇಳಿಕೊಟ್ಟದ್ದನ್ನು ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹಚ್ಚಿದವಳು ಅವಳೇ. ಭಾರ ಎತ್ತುವಾಗ ಉಸಿರು ಹಿಡಿಯಬಾರದು, ಊದಬೇಕು ಎಂದು ಮೇಡಂ ಹೇಳಿದ ಮಾರನೆಯ ದಿನವೇ ಆಯಿಯ ಧ್ವನಿ ಬಂತು: “ತಂಬಗಿ ಎತ್ತೋವಾಗ ಊದತೀನ್ರಿ, ನೀರ ಹಾಕೋವಾಗ ಎಳೀತೀನಿ. ಕೂಸು ನನ್ನ ಬಾಯಿ ನೋಡಿ ತಾನೂ ತುಟಿ ಮಾಡಾಕತ್ತದ.” ನಾನು ಮನೆಯ ಮೆಟ್ಟಿಲು ಹತ್ತಲಾರೆ ಎಂದು ಗೊಣಗಿದಾಗ ಬೈದಳು. “ಮೆಟ್ಟಲ ಯಾಕ ನೋಡ್ತೀರಿ? ಚಾ ಆರಸ್ದಂಗ ಊದಕೋತ ಹತ್ರಿ.” ಹಾಗೆಯೇ ಹತ್ತಿದೆ. ಈಗಲೂ ಹತ್ತುತ್ತೇನೆ.

ಮೊದಮೊದಲು ನನಗೆ ಆಯಿಯ ಮೇಲೆ ಅನುಮಾನವಿತ್ತು. ಎಲ್ಲರನ್ನೂ ಕೇಳುವಂತೆ ಆಕೆಯನ್ನೂ ಮೇಡಂ ಕೇಳಿದ್ದಳು, ಬೀಡಿ ಸೇದುತ್ತಿದ್ದಿರಾ ಎಂದು.

“ಬೀಡಿ ದೂರ ಉಳೀತ್ರಿ, ನಾ ತಂಬಾಕ ಸುದ್ದಾ ಬಾಯಾಗ ಇಟ್ಟಾಕಿ ಅಲ್ಲ.”

“ಮನೆಯಲ್ಲಿ ಕಟ್ಟಿಗೆ ಒಲೆಯಾ?”

“ಇಲ್ರಿ, ಗ್ಯಾಸ್ ಅದ.”

ಹಾಗಾದರೆ ಎದೆ ತನ್ನಷ್ಟಕ್ಕೆ ತಾನೇ ಕೆಟ್ಟಿತೇ? ಈ ಮುದುಕಿ ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಬೀಡಿ ಸೇದಿದವನಿಗೆ ಜಗತ್ತೆಲ್ಲ ಕದ್ದು ಬೀಡಿ ಸೇದಿದಂತೆಯೇ ಕಾಣುತ್ತದೆ.

ಒಂದು ಮಂಗಳವಾರ ಮೇಡಂ, ಬೆಳಗಿನಿಂದ ಏನೇನು ಕೆಲಸ ಮಾಡುತ್ತೀರಿ, ಯಾವ ಕೆಲಸದಲ್ಲಿ ಉಸಿರು ಕಟ್ಟುತ್ತದೆ, ಒಬ್ಬೊಬ್ಬರಾಗಿ ಹೇಳಿ ಎಂದಳು. ಆಯಿಯ ಸರದಿ ಬಂತು.

“ಮುಂಜಾನಿ ಎದ್ದು ಎರಿಯಾಕ ಹೋಗ್ತೀನ್ರಿ. ಬಾಣಂತಿಗಿ ಎರೀತೀನಿ, ಕೂಸಿಗಿ ಎರೀತೀನಿ. ಆಮ್ಯಾಲ ಹೊಗಿ ಹಾಕ್ತೀನಿ.”

“ಹೊಗೆ? ಯಾವ ಹೊಗೆ ಆಯಿ?”

ಆಯಿಗೆ ನಗು ಬಂತು. ಇಷ್ಟು ಓದಿದ ಹುಡುಗಿಗೆ ಇದೂ ಗೊತ್ತಿಲ್ಲವಲ್ಲ ಎಂದು ಬಿಡಿಸಿ ಹೇಳಿದಳು. ಅಗ್ಗಿಷ್ಟಿಗೆಯಲ್ಲಿ ಕೆಂಡ ತುಂಬುವುದು. ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುವುದು. ಗಾಳಿ ಹತ್ತಬಾರದೆಂದು ಬಾಗಿಲು ಹಾಕಿ, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕುವುದು. ಕೂಸನ್ನು ಹೊಗೆಯ ಮೇಲೆ ಹಿಡಿದು ಆಡಿಸಿ, ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಂಡವನ್ನು ಹೊರಸಿನ ಕೆಳಗೆ ಸರಿಸುವುದು. ಹೊಗೆ ತಿಳಿಯಾಗುವ ತನಕ ಒಳಗೇ ಕೂತಿದ್ದು ಆಮೇಲೆ ಮುಂದಿನ ಮನೆಗೆ ಹೋಗುವುದು. ಕೇಳುತ್ತ ನನಗೇನೂ ಅನ್ನಿಸಲಿಲ್ಲ. ನಮ್ಮ ಮನೆಯ ಮಕ್ಕಳೂ ಆ ಹೊಗೆಯಲ್ಲೇ ಬೆಳೆದವರು, ನಾನೂ ಬೆಳೆದವನು.

“ಎಷ್ಟು ವರ್ಷದಿಂದ ಹಾಕ್ತಿದ್ದೀರಿ?” ಮೇಡಂ ದನಿ ಇಳಿದಿತ್ತು.

“ನನ್ನ ಗಂಡ ಹೋದಾಗಿಂದ್ರಿ. ಮಗಳು ಆಗಿನ್ನಾ ನಡ್ಯಾಕ ಕಲತಿದ್ದಿಲ್ಲ.”

ಮೇಡಂ, ಬಾಗಿಲು ಹಾಕಿದ ಕೋಣೆಯ ಹೊಗೆ ದಿನವೂ ಎದೆಗೆ ಹೋದರೆ ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ ಎಂದು ಮೆತ್ತಗೆ ಹೇಳಿದಳು. ಆಯಿಯ ಕೈ ಸಡಿಲಾಗಿ ಫೋನು ಕೆಳಗಿಳಿಯಿತು. ಆಗಲೇ ನಾವೆಲ್ಲ ಆಕೆಯ ಮುಖ ಪೂರ್ತಿ ನೋಡಿದ್ದು. ಒಣಗಿದ ಕೆನ್ನೆ, ದೊಡ್ಡ ಕಣ್ಣು. ಆಕೆ ನಮ್ಮನ್ನು ನೋಡುತ್ತಿರಲಿಲ್ಲ.

“ಹಂಗಾದ್ರ ಆ ಕೂಸುಗೋಳು?” ಎಂದಳು.

ಮೊದಲು ನಿಮ್ಮ ಎದೆ ನೋಡಿಕೊಳ್ಳಿ ಆಯಿ ಎಂದಳು ಮೇಡಂ.

“ನನ್ನ ಎದಿ ಹೋಗ್ಲಿ ಬಿಡ್ರಿ. ನಾ ಆ ಕೂಸುಗಳನ್ನ ಹೊಗಿ ಮ್ಯಾಲ ಹಿಡೀತಿದ್ದೆ. ಕೆಮ್ಮಿದ್ರ ಛಲೋ ಆತು, ಕಫಾ ಹರೀತು ಅಂತಿದ್ದೆ.”

ಅವತ್ತಿನ ಕ್ಲಾಸು ಅಲ್ಲಿಗೇ ನಿಂತಿತು. ಆ ಮಾತು ಕೇಳಿದಾಗ ನನಗೆ ಆದ ಸಂಕಟ ನನ್ನ ಎದೆಯ ಫೋಟೋ ನೋಡಿದಾಗಲೂ ಆಗಿರಲಿಲ್ಲ. ನನ್ನ ರೋಗ ನಾನೇ ಕೊಂಡು ತಂದದ್ದು. ಈಕೆಗೆ ಬಂದದ್ದು ಕೂಸುಗಳನ್ನು ಪ್ರೀತಿಯಿಂದ ಜೋಪಾನ ಮಾಡಿದ್ದಕ್ಕೆ.

ಆಮೇಲೆ ಆಯಿ ಬದಲಾದಳು. ಓಣಿಯಲ್ಲಿ ಯಾರ ಹುಡುಗ ಕೆಮ್ಮಿದರೂ ನಿಂತು ಕೇಳುತ್ತಿದ್ದಳಂತೆ, ತಾನು ಹೊಗೆ ಹಾಕಿದ ಕೂಸೇ ಎಂದು. ಎಲ್ಲ ಕೆಮ್ಮೂ ಅದರಿಂದಲೇ ಬರುವುದಿಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರೆಯಲು ಹೋದ ಮನೆಗಳಲ್ಲಿ, “ಎಣ್ಣಿ ಹಚ್ಚತೀನಿ, ಎರೀತೀನಿ, ಹೊಗಿ ಮಾತ್ರ ಹಾಕಂಗಿಲ್ಲ” ಎಂದು ಹೊಸ್ತಿಲಲ್ಲೇ ಹೇಳತೊಡಗಿದಳು. ಮುದುಕಿ ಮೈಗಳ್ಳಿಯಾದಳು ಎಂದರು ಕೆಲವರು. ಕೂಸಿಗೆ ಶೀತವಾದರೆ ನೀನು ಜವಾಬ್ದಾರಿಯೇ ಎಂದರು ಇನ್ನು ಕೆಲವರು. ಒಂದೊಂದೇ ಮನೆಯವರು ಆಕೆಯನ್ನು ಕೈಬಿಟ್ಟು ಬೇರೆಯವಳನ್ನು ಕರೆಸಿಕೊಂಡರು. ಒಬ್ಬಳೇ ಒಬ್ಬಳು ಮುಸಲ್ಮಾನರ ಸೊಸೆ, “ಧುಂವಾ ನಕ್ಕೋ ಆಯಿ” ಎಂದು ತಾನೇ ಹೊಗೆ ಬೇಡವೆಂದಳಂತೆ. ಅವಳ ಸುದ್ದಿಯನ್ನು ಆಯಿ ಗ್ರೂಪಿನಲ್ಲಿ ಮತ್ತೆ ಮತ್ತೆ ಹೇಳಿದಳು.

ಎರೆಯುವುದನ್ನೇ ಬಿಟ್ಟು ಮನೆಯಲ್ಲಿ ಕೂರಬಾರದೇ ಎಂದು ನಾನೊಮ್ಮೆ ರೇಗಿದೆ.

“ನಾ ಬಿಟ್ರ ಹೊಗಿ ನಿಂದರ್ತದೇನ್ರಿ ಮುನೀಮಣ್ಣ? ಬ್ಯಾರೆಯಾಕಿ ಹಾಕ್ತಾಳ. ನಾ ಹೋದ್ರ ಒಂದ್ ಕೂಸರೆ ಉಳೀತದ.”

ಎದುರೆದುರು ನಾವು ಭೇಟಿಯಾದದ್ದು ಹುಮನಾಬಾದಿನಲ್ಲಿ, ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ. ಬಸ್ಸಿಳಿದು ನಡೆದು ಬಂದಿದ್ದಳು. ನಾನು ಗೋಡೆಗೆ ಮುಖ ಮಾಡಿ ಕೆಮ್ಮುತ್ತಿದ್ದೆ. “ಮುನೀಮಣ್ಣ ಅಲ್ಲ?” ಎಂದು ಹಿಂದಿನಿಂದ ದನಿ ಬಂತು. ಮುಖ ನೋಡದೆ ಹೇಗೆ ಗುರುತು ಹಿಡಿದಿರಿ ಎಂದರೆ ನಕ್ಕಳು. “ಕೂಸು ಹಸದ ಅಳ್ತದೋ ಹೊಟ್ಟಿ ನೋವಿಗಿ ಅಳ್ತದೋ ತಿಳಿಯೋ ನನಗ ನಿಮ್ಮ ಕೆಮ್ಮ ತಿಳಿಯಂಗಿಲ್ಲೇನ್ರಿ?” ಸೆರಗಿನ ಗಂಟಿನಿಂದ ಹುರಿದ ಕಡಲೆ ತೆಗೆದು ನನ್ನ ಅಂಗೈಗೆ ಸುರಿದಳು. ಬಂದವರನ್ನೆಲ್ಲ ಊದಿಸಿದಳು. ಔಷಧ ಕೊಡುವ ಹುಡುಗನನ್ನೂ ಬಿಡಲಿಲ್ಲ, ಅವನಿಗೆ ಯಾವ ರೋಗವೂ ಇರಲಿಲ್ಲ.

ಅವತ್ತು ಆಕೆ ಸಂಭ್ರಮದಲ್ಲಿದ್ದಳು. ಒಬ್ಬಳೇ ಮಗಳನ್ನು ಹುಮನಾಬಾದಿಗೇ ಕೊಟ್ಟಿದ್ದಳು. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. “ನನ್ನ ಮೊಮ್ಮಗ ಹೊಗಿ ಕಾಣಲಾರದ ಕೂಸು ಆಗ್ತಾನ. ಊರಿನ ಹೆಣ್ಮಕ್ಕಳು ಬಂದು ನೋಡ್ಲಿ. ಹೊಗಿ ಇಲ್ಲದ ಕೂಸು ಹ್ಯಾಂಗ ಗುಂಡಗ ಆಗ್ತದಂತ ನೋಡಿದ್ರ ತಾವೇ ಬಿಡ್ತಾರ.” ಊರಿಗೆಲ್ಲ ಮಾಡಿದ ತಪ್ಪನ್ನು ಆ ಒಂದು ಕೂಸಿನಿಂದ ತೊಳೆದುಕೊಳ್ಳಬೇಕೆಂದಿದ್ದಳು. ಅದಕ್ಕಿಂತ ಬೇರೆ ಆಸೆ ಆಕೆಗೆ ಉಳಿದಿರಲಿಲ್ಲ.

ಗಂಡು ಕೂಸೇ ಹುಟ್ಟಿತು. ಒಂದು ವಾರ ಆಯಿಯ ಧ್ವನಿಯಲ್ಲಿ ಹಸಿರೇ ಹಸಿರು. ಆಮೇಲೆ ಬೀಗಿತ್ತಿ, ಅಂದರೆ ಮಗಳ ಅತ್ತೆ, ಕೂಸು ನೋಡಲು ಬಂದವಳು ಅಲ್ಲೇ ಉಳಿದಳು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಗೆ ಇಲ್ಲದ್ದನ್ನು ನೋಡಿ ರಂಪ ಎಬ್ಬಿಸಿದಳು. ಊರ ಕೂಸಿಗೆಲ್ಲ ಹೊಗೆ ಹಾಕಿ ಹೊಟ್ಟೆ ಹೊರೆದುಕೊಂಡವಳು ನನ್ನ ಮೊಮ್ಮಗನಿಗೆ ಮಾತ್ರ ಯಾಕೆ ಹಾಕುವುದಿಲ್ಲ ಎಂಬುದು ಅವಳ ಪ್ರಶ್ನೆ. ಮಗಳಿಗೆ ಅತ್ತೆಗೂ ಎದುರಾಡಲಾಗದು, ಅವ್ವನಿಗೂ ಎದುರಾಡಲಾಗದು. ಆಯಿ ತನ್ನ ಹೊರಸನ್ನು ಎಳೆದು ತಂದು ಕೋಣೆಯ ಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೆ ಕೂತುಬಿಟ್ಟಳು. ಮುಂದಿನ ಕ್ಲಾಸಿನಲ್ಲಿ ಹಣೆಯ ಹಿಂದೆ ತಗಡಿನ ಬದಲು ಆ ಬಾಗಿಲ ಚೌಕಟ್ಟು ಕಾಣಿಸಿತು.

“ನಾ ಇರೋ ತನಕ ಕೆಂಡ ಒಳಗ ಹೋಗಂಗಿಲ್ರಿ,” ಎಂದಳು ಮೇಡಂಗೆ, ಯುದ್ಧದ ವರದಿ ಒಪ್ಪಿಸುವ ಗತ್ತಿನಲ್ಲಿ.

ಬೀಗಿತ್ತಿ ನಡುವೆ ಒಂದು ದಿನ ಹುಮನಾಬಾದಿಗೆ ಬಂದಿದ್ದಾಗ, ನೀವೇ ಹೋಗಿ ತಿಳಿಸಿ ಹೇಳಿ ಎಂದು ಆಯಿ ನನ್ನನ್ನು ಕಳಿಸಿದಳು. ಹೋದೆ. ಚಹಾ ಕೊಟ್ಟರು. ನಾನು ನನ್ನ ಎದೆಯ ಕಥೆಯಿಂದ ಶುರುಮಾಡಿ ಹೊಗೆಗೆ ಬರುವಷ್ಟರಲ್ಲಿ ಉಸಿರು ಸಾಲದಾಯಿತು. ಆ ಹೆಂಗಸು ನಾನು ಸುಧಾರಿಸಿಕೊಳ್ಳುವ ತನಕ ಮರ್ಯಾದೆಯಿಂದ ಕಾದಳು.

“ಅಣ್ಣಾರ, ನೀವು ಬೀಡಿ ಸೇದಿ ಎದಿ ಸುಟಗೊಂಡವರು. ಇದು ಬೀಡಿ ಹೊಗಿ ಅಲ್ರಿ, ಔಷಧದ ಹೊಗಿ. ನನ್ನ ಗಂಡಗ ಹಾಕ್ಯಾರ, ನನ್ನ ಮಗಗ ಹಾಕ್ಯಾರ, ಇಬ್ಬರೂ ಕಲ್ಲಿನಂಗ ಅದಾರ.”

ಅವಳು ಕೆಟ್ಟವಳಲ್ಲ. ಅದೇ ನನ್ನನ್ನು ಸೋಲಿಸಿತು. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೂಸಿನ ಮೇಲೆ ಅವಳಿಗಿದ್ದ ಮಮತೆ ಆಯಿಯದಕ್ಕಿಂತ ಒಂದು ಗುಂಜಿಯೂ ಕಡಿಮೆ ಇರಲಿಲ್ಲ.

ಚಳಿ ಬಿದ್ದ ಮೇಲೆ ಆಯಿಯ ಬಣ್ಣ ಹಳದಿಗೆ ತಿರುಗಿತು. ಬಾಗಿಲ ಗಾಳಿಯಲ್ಲಿ ಮಲಗಿ ಮಲಗಿ ಕಫ ಕಟ್ಟಿತ್ತು. ಮೇಡಂ ಹೇಳಿದ ಗುಳಿಗೆ ನುಂಗಿದಳು, ಪಂಪು ಎಳೆದಳು, ಊದಿದಳು. ಏನೂ ಬಿಡಲಿಲ್ಲ, ಎಲ್ಲವನ್ನೂ ಆ ಹೊರಸಿನ ಮೇಲೆ ಕೂತೇ ಮಾಡಿದಳು. ಆಮೇಲೊಂದು ಬೆಳಿಗ್ಗೆ ಧ್ವನಿ ಬಂತು: “ಕೆಂಪ್.” ಅಷ್ಟೇ. ನನ್ನನ್ನು ಕೇಳಲಿಲ್ಲ, ಬೈಯಲಿಲ್ಲ.

ಮೇಡಂ ಫೋನಿನ ಮೇಲೆ ಫೋನು ಮಾಡಿದಳು. ಈಗಲೇ ದವಾಖಾನೆಗೆ ಹೋಗಿ, ಮನೆಯವರ ನಂಬರು ಕೊಡಿ, ನಾನು ಮಾತಾಡುತ್ತೇನೆ ಎಂದಳು. ಮನೆಯವರ ನಂಬರೂ ಇದೇ ಎಂದಳಂತೆ ಆಯಿ. ನಾನು ಹೋಗೋಣವೆಂದರೆ ನನಗೂ ಹಳದಿ ಹತ್ತಿತ್ತು, ಹಾಸಿಗೆ ಹಿಡಿದಿದ್ದೆ. ಮಲಗಿದಲ್ಲಿಂದಲೇ ಬೈದು ಕಳಿಸಿದೆ, ಬೇಡಿಕೊಂಡು ಕಳಿಸಿದೆ. ಒಂದೂಕಾಲು ತಿಂಗಳ ಬಾಣಂತನ ಮುಗಿಯಲಿ, ಮಗಳನ್ನು ಕಳಿಸಿ ನಾನೇ ಬರುತ್ತೇನೆ ಎಂಬುದೊಂದೇ ಉತ್ತರ. ನನಗೆ ಇವತ್ತಿಗೂ ಆ ಮುದುಕಿಯ ಮೇಲೆ ಸಿಟ್ಟಿದೆ. ಬಣ್ಣಗಳ ಅರ್ಥ ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು, ಕೆಂಪು ಎಂದರೇನೆಂದು ಉಳಿದವರಿಗೆ ಪಾಠ ಹೇಳುತ್ತಿದ್ದವಳು, ತಾನು ಮಾತ್ರ ಆ ಬಾಗಿಲು ಬಿಟ್ಟು ಏಳಲಿಲ್ಲ.

ಆಮೇಲೆ ಆಕೆಯ ಇನ್ನೊಂದೇ ಧ್ವನಿ ಬಂತು, ಅದರಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚಿತ್ತು. ಕೊನೆಗೆ ಆಕೆಯ ನಂಬರಿನಿಂದ ಬೇರೆಯವರ ಧ್ವನಿ ಬಂತು. ಮಗಳದು. “ಅವ್ವ ಹೋದಳ್ರಿ.”

ಮಣ್ಣಿಗೆ ಹೋಗಲು ನನ್ನಿಂದಾಗಲಿಲ್ಲ. ಎರಡು ದಿನ ಬಿಟ್ಟು ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋದೆ. ಗಲ್ಲಿಯ ತಿರುವಿನಲ್ಲಿ ಯಾರನ್ನೂ ಕೇಳಬೇಕಾಗಲಿಲ್ಲ, ಎರಿಯೋ ಆಯಿಯ ಮನೆಯೇ ಎಂದು ಓಣಿಯವರೇ ಕೈ ತೋರಿಸಿದರು. ಅಂಗಳಕ್ಕೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಹೊರಸು. ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅದರ ಹಿಂದೆಯೇ ವಾಸನೆ ಬಂತು. ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ಕೋಣೆಯ ಬಾಗಿಲು ಹಾಕಿತ್ತು, ಬಾಗಿಲಡಿಯಿಂದ ಹೊಗೆ ಅಂಗಳಕ್ಕೆ ಹರಿಯುತ್ತಿತ್ತು.

ಮಗಳು ಪಕ್ಕದ ಕೋಣೆಯಿಂದ ಬಂದಳು. ಬಾಣಂತಿಯಾದ್ದರಿಂದ ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅದೇ ದೊಡ್ಡ ಕಣ್ಣು.

“ಮುನೀಮ ಕಾಕಾ ಅಲ್ರೀ? ಕೂತ್ಕೋರಿ.”

ನಾನು ಬಾಗಿಲ ಕಡೆ ಕೈ ತೋರಿಸಿದೆ. ಮಾತು ಹೊರಡಲಿಲ್ಲ. ಹೊಗೆ ಆಗಲೇ ನನ್ನ ಎದೆಗೆ ಇಳಿದಿತ್ತು.

“ಹೊಸಾ ಎರಿಯಾಕಿ ಬಂದಾಳ್ರಿ, ಅತ್ತಿ ಕರಸ್ಯಾರ. ಕೂಸಿನ ಜೋಡಿ ಇಬ್ಬರೂ ಒಳಗ ಅದಾರ. ಅವ್ವನ ಹೆಸರ್ಲೆ ಹಾಕಸಾಕತ್ತೀವಿ. ಊರ ಕೂಸಿಗೆಲ್ಲ ಹಾಕಿದಾಕಿ, ಮೊಮ್ಮಗಗ ಹಾಕಲಾರದೇ ಹೋದಳು. ಆಕಿ ಜೀವಕ್ಕ ಸಮಾಧಾನ ಆಗ್ಲಿ ಅಂತ ಅತ್ತಿ ಅಂದ್ರು.” ಹೇಳುತ್ತ ಹೇಳುತ್ತ ಅಳತೊಡಗಿದಳು.

ಇಲ್ಲ, ನಿಲ್ಲಿಸು, ಅದಕ್ಕೇ ಅವಳು ಸತ್ತದ್ದು ಎಂದು ಕೂಗಬೇಕಿತ್ತು. ಬಾಯಿ ತೆರೆದರೆ ಕೆಮ್ಮು ಮಾತ್ರ ಬಂತು. ಬಾಣಂತಿಯ ಕೋಣೆಗೆ ಹೊರಗಿನ ಗಂಡಸು ನುಗ್ಗುವಂತಿಲ್ಲ. ಕಟ್ಟೆಯ ಮೇಲೆ ಕುಸಿದು, ಮುಂದಕ್ಕೆ ಬಾಗಿ, ಮೊಣಕಾಲಿಗೆ ಕೈಯೂರಿ, ಚಹಾ ಆರಿಸುವಂತೆ ಊದಿದೆ. ಉಸಿರು ತುಸು ಹಿಡಿತಕ್ಕೆ ಬಂದರೂ ದನಿ ಬರಲಿಲ್ಲ. ಆಗ ಫೋನು ತೆಗೆದು ಗ್ರೂಪಿನಲ್ಲಿದ್ದ ಆಯಿಯ ಕೊನೆಯ ಧ್ವನಿಯನ್ನು ಹಚ್ಚಿ ಮಗಳ ಮುಂದೆ ಹಿಡಿದೆ.

“ಮುನೀಮಣ್ಣಾ... ಮೇಡಮ್‌ಗ ಹೇಳ್ರಿ... ಕೆಂಪ್ ಅದ, ನನಗ ಗೊತ್ತದ... ದವಾಖಾನಿಗಿ ಹೋದ್ರ... ಇವರು ಹೊರಸ ತಗೀತಾರ... ಒಳಗ ಕೂಸದ್ರಿ...” ಆಮೇಲೆ ಕೆಮ್ಮು, ಉದ್ದದ ಕೆಮ್ಮು. ಅಲ್ಲಿಗೆ ಮುಗಿಯುತ್ತದೆ.

ಮಗಳು ಅಳುವುದನ್ನು ನಿಲ್ಲಿಸಿದ್ದಳು. “ದವಾಖಾನಿಗಿ ಹೋಗಂತ ಅಂದಿದ್ರಾ ಆಕಿಗಿ?”

ತಲೆಯಾಡಿಸಿದೆ.

“ಎರಡ್ ದಿನಕ್ಕ ಇಳೀತದ, ಮೇಡಂ ಗುಳಿಗಿ ಹೇಳ್ಯಾರ ಅಂತ ನನಗ ಹೇಳಿದ್ಲಲ್ರೀ ಕಾಕಾ.” ಫೋನಿನ ಕಡೆ ಕೈ ತೋರಿಸಿ, “ಇನ್ನೊಮ್ಮಿ ಹಚ್ರಿ,” ಎಂದಳು.

ಹಚ್ಚಿದೆ. ಮತ್ತೆ ಅದೇ ಮಾತು, ಅದೇ ಕೆಮ್ಮು. ಧ್ವನಿ ಮುಗಿದು ಫೋನಿನ ಬೆಳಕೂ ಆರಿತು. ಕೆಮ್ಮು ಮತ್ತೆ ಬಂತು. ಮಗಳು ನನ್ನ ಕೈಯಲ್ಲಿದ್ದ ಫೋನು ನೋಡಿದಳು. ನಾನೂ ನೋಡಿದೆ. ಫೋನು ಸುಮ್ಮನಿತ್ತು. ಕೆಮ್ಮು ಸಣ್ಣದು, ಬಾಗಿಲಿನಾಚೆಯಿಂದ ಬರುತ್ತಿತ್ತು.

ಅವಳು ಎದ್ದು ಹೋಗಿ ಬಾಗಿಲನ್ನು ದೂಡಿದಳು. ಹೊಗೆಯ ನಡುವೆ ಮರೆಯಾದವಳು ಸೆರಗಿನಿಂದ ಅಗ್ಗಿಷ್ಟಿಗೆಯ ಕಿವಿ ಹಿಡಿದುಕೊಂಡು ಹೊರಗೆ ಬಂದು ಅದನ್ನು ಅಂಗಳದ ನಡುವೆ ಕುಕ್ಕಿದಳು. ಹೊಸದಾಗಿ ಎರೆಯಲು ಬಂದವಳು ಹಿಂದೆಯೇ ಬಂದು ತನ್ನ ಚೀಲ ಹುಡುಕಿಕೊಂಡು, ಇನ್ನೂ ಎಷ್ಟೋ ಮನೆಗೆ ಹೋಗುವುದಿದೆ ಎಂದು ಗೊಣಗುತ್ತ ಹೊರಟುಹೋದಳು.

“ಬಾಗಲಾ ಹಾಕು, ಕೂಸಿಗಿ ಗಾಳಿ ಹತ್ತತದ!” ಒಳಗಿನಿಂದ ಅತ್ತೆ ಕೂಗಿದಳು.

ಮಗಳು ಕಿವಿಯ ಬಟ್ಟೆ ಬಿಚ್ಚಿ, ತೆರೆದ ಬಾಗಿಲ ಹೊಸ್ತಿಲ ಮೇಲೆ, ಅವ್ವ ಹೊರಸು ಹಾಕಿಕೊಂಡಿದ್ದ ಜಾಗದಲ್ಲೇ ಕೂತಳು.

“ಹತ್ತಲ್ರಿ ಅತ್ತಿ,” ಎಂದಳು. “ಹತ್ತಲಿ.”